ಎರಡು ಬೆರಳು ಆಚೆ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮನೆಯಲ್ಲಿ ಏನಾದರೊಂದು ಕೆಲಸ ಕಾಣಿಸುತ್ತದೆ. ಹೋದ ತಿಂಗಳು ಕೂತಾಗ ಫ್ಯಾನಿನ ಮೇಲಿನ ದೂಳು ಕಂಡಿತು. ಸ್ಟೂಲು ಹಾಕಿಕೊಂಡು ಒರೆಸಿದೆ. ಅದರ ಹಿಂದಿನ ಸಲ ಬಚ್ಚಲುಮನೆಯ ನಲ್ಲಿಗೆ ಹೊಸ ವಾಷರ್ ಹಾಕಿದೆ. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿ ಅದು. ಇದರಿಂದ ನನ್ನ ಹೆಂಡತಿ ಗಿರಿಜೆಗೆ ಲಾಭವೇ ಆಗಿದೆ. "ಏನೋ ಬರೀಬೇಕು ಅಂತಿದ್ರಲ್ಲ, ಬೇಗ ಕೂತ್ಕೊಳ್ಳಿ. ಅಟ್ಟದ ಮೇಲಿನ ಪಾತ್ರೆ ಎಲ್ಲಾ ಇಳಿಸಿ ತೊಳೀಬೇಕಾಗಿದೆ" ಎನ್ನುತ್ತಾಳೆ. ಈಗ ಅಟ್ಟವೂ ಖಾಲಿಯಾಗಿದೆ. ಮನೆಯಲ್ಲಿ ರಿಪೇರಿಗೆ ಉಳಿದಿರುವುದು ನಾನೊಬ್ಬನೇ.

ಇವತ್ತು ನನ್ನನ್ನು ಹಿಡಿದು ಕೂರಿಸಿದ್ದು ನನ್ನ ಎರಡು ಕೈಗಳು. ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದೆ. ಪೇಪರ್ ಹಾಕುವವನು ಸ್ಕೂಟರ್ ನಿಲ್ಲಿಸದೆ ಎಸೆದ ಪತ್ರಿಕೆ ಗೇಟಿನ ಆಚೆಗೇ ಬಿತ್ತು. ತಕ್ಷಣ ನನ್ನ ಎರಡೂ ಕೈಗಳು ಹೆಗಲ ಮಟ್ಟಕ್ಕೆ ಎದ್ದು ಆ ಕಡೆ ಈ ಕಡೆ ಹರಡಿಕೊಂಡವು. ಅವನು ತಿರುಗಿ ನೋಡಿ, "ಏನ್ ಅಂಕಲ್, ಬಂದು ತಬ್ಕೋಬೇಕಾ?" ಎಂದು ಕೇಳಿ ನಗುತ್ತಾ ಹೋದ. ಪಾಪ, ಅವನಿಗೇನು ಗೊತ್ತು. ಬ್ಯಾಡ್ಮಿಂಟನ್ ಅಂಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಗೆರೆ ಕಾಯುವವನಿಗೆ ಲೈನ್ ಜಡ್ಜ್ ಎನ್ನುತ್ತಾರೆ. ಷಟಲ್ ಗೆರೆಯ ಆಚೆ ಬಿದ್ದರೆ ಅವನು ಹೀಗೆ ಎರಡೂ ಕೈ ಹರಡಿ "ಔಟ್" ಎಂದು ಕೂಗಬೇಕು. ಒಳಗೆ ಅಥವಾ ಗೆರೆಯ ಮೇಲೆ ಬಿದ್ದರೆ ಬಲಗೈಯನ್ನು ಗೆರೆಯ ಕಡೆ ಚಾಚಿದರೆ ಸಾಕು, ಮಾತು ಬೇಡ. ಕಾಣಲಿಲ್ಲ ಎಂದಾದರೆ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಳ್ಳಬೇಕು. ಕಾಣಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಲು ಇಷ್ಟು ಚೆಂದದ ಅವಕಾಶ ಬೇರೆ ಯಾವ ಉದ್ಯೋಗದಲ್ಲಿದೆಯೋ ನನಗೆ ತಿಳಿಯದು. ನಾನಂತೂ ಅದನ್ನು ಒಂದು ಸಲವೂ ಬಳಸಿಕೊಳ್ಳಲಿಲ್ಲ.

ಗೆರೆಯ ಜಗಳ ನನಗೆ ಚಿಕ್ಕಂದಿನಿಂದಲೇ ಅಂಟಿದ್ದು. ನಾನು ಬೆಳೆದ ಕಾಲದಲ್ಲಿ ರಾಜಾಜಿನಗರದ ಮೈದಾನಗಳಲ್ಲಿ ಬ್ಯಾಡ್ಮಿಂಟನ್ ಎಂದರೆ ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆ ಐದೈದು ಜನ. ಸುಣ್ಣದ ಪುಡಿ ಸುರಿದು ಗೆರೆ ಎಳೆಯುತ್ತಿದ್ದೆವು. ಚೆಂಡು ಗೆರೆಗೆ ಬಿದ್ದರೆ ಉಣ್ಣೆಗೆ ಸುಣ್ಣ ಮೆತ್ತಿಕೊಳ್ಳುತ್ತಿತ್ತು. ನಾವು ಚೆಂಡನ್ನು ಎತ್ತಿ ಹಿಡಿದು "ನೋಡೋ, ಸುಣ್ಣ ನೋಡೋ" ಎಂದು ಕುಣಿಯುತ್ತಿದ್ದೆವು. ಎದುರಿನವರು "ಅದು ಹಳೇ ಸುಣ್ಣ ಕಣೋ" ಎನ್ನುತ್ತಿದ್ದರು. ಹೊಸ ಸುಣ್ಣವೋ ಹಳೆಯ ಸುಣ್ಣವೋ ಎಂದು ತೀರ್ಮಾನವಾಗುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಮುಂದೆ ಷಟಲ್ ಆಟ ಕಲಿತು ಮೊದಲ ಸಲ ಒಂದು ಷಟಲನ್ನು ಮನೆಗೆ ತಂದಾಗ ಅಮ್ಮ ಅದನ್ನು ತಿರುಗಿಸಿ ನೋಡಿ, "ಇದು ಯಾವ ಹಕ್ಕಿ ಗರಿನೋ?" ಎಂದು ಕೇಳಿದರು. ಬಾತುಕೋಳಿ ಎಂದೆ. ಅಷ್ಟೇ. ಲಿಂಗಪೂಜೆಯ ಮನೆ, ಆ ಷಟಲ್ ಜೊತೆ ನಾನೂ ಬಚ್ಚಲಿನ ದಾರಿ ಹಿಡಿಯಬೇಕಾಯಿತು. ಅಂದಿನಿಂದ ನನ್ನ ಕ್ರೀಡಾ ಸಾಮಗ್ರಿಯೆಲ್ಲ ಸೀಮೆಎಣ್ಣೆ ಡಬ್ಬದ ಪಕ್ಕದಲ್ಲೇ ವಾಸ.

ಹತ್ತನೆಯ ತರಗತಿ ಮುಗಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸೇರಿದೆ. ಅಲ್ಲಿಯ ಷಟಲ್ ತಂಡದಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಹೆಸರಿಗಿಂತ ಹೆಚ್ಚಾಗಿ ಸಿಟ್ಟಿತ್ತು. ಕಾರ್ಖಾನೆಗಳ ನಡುವಿನ ಒಂದು ಫೈನಲ್‌ನಲ್ಲಿ, ಗೆಲುವಿಗೆ ಕೂದಲೆಳೆಯಷ್ಟು ಹತ್ತಿರವಿದ್ದಾಗ, ನನ್ನ ಹೊಡೆತವೊಂದನ್ನು ಔಟ್ ಎಂದರು. ನಾನು ಲೈನ್ ಜಡ್ಜ್ ಬಳಿಗೆ ಹೋದೆ, ಅಂಪೈರ್ ಬಳಿಗೆ ಹೋದೆ, ನೋಡುತ್ತಾ ಕೂತಿದ್ದ ಕ್ಯಾಂಟೀನಿನವರನ್ನೂ ಸಾಕ್ಷಿಗೆ ಕರೆದೆ. ವಾಪಸ್ ಬಂದು ನಿಂತಾಗ ಕಣ್ಣು ಷಟಲ್ ಮೇಲಿರಲಿಲ್ಲ, ಆ ಲೈನ್ ಜಡ್ಜ್ ಮುಖದ ಮೇಲಿತ್ತು. ಮುಂದಿನ ಒಂದು ಪಾಯಿಂಟನ್ನೂ ನಾನು ಪಡೆಯಲಿಲ್ಲ. ಆಟ ಮುಗಿದ ಮೇಲೆ ನೆಟ್ಟಿನ ಕಂಬಕ್ಕೆ ರಾಕೆಟ್ ಹೊಡೆದು ಮುರಿದೆ. ಅದು ಕಾರ್ಖಾನೆಯ ರಾಕೆಟ್ಟು.

ಆವತ್ತು ನನಗೆ ಒಂದು ಜ್ಞಾನೋದಯವಾಯಿತು. ಫೈನಲ್ ಸೋಲುವುದು ತೋಳಿನಲ್ಲಲ್ಲ, ತಲೆಯಲ್ಲಿ. ಅನ್ಯಾಯದ ತೀರ್ಪು ಬಂದಾಗ ಯಾರು ತಿರುಗಿ ನೋಡದೆ ಮುಂದಿನ ಷಟಲ್‌ಗೆ ಸಿದ್ಧರಾಗುತ್ತಾರೋ ಅವರದೇ ಗಟ್ಟಿ ಮನಸ್ಸು. ಇಲ್ಲಿಯವರೆಗೆ ಸರಿಯೇ. ಆದರೆ ನನಗೆ ಇಲ್ಲದಿದ್ದ ಗುಣವನ್ನು ಬೇರೆಯವರಿಗೆ ಕಲಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆನಲ್ಲ, ತಪ್ಪು ಅಲ್ಲಿಂದ ಶುರುವಾಯಿತು.

ನಿವೃತ್ತನಾದ ಮೇಲೆ ಮಾಗಡಿ ರಸ್ತೆಯ ಕೊನೆಗೆ, ಬ್ಯಾಡರಹಳ್ಳಿಯಲ್ಲಿ, ಶೀಟು ಹೊದಿಸಿದ ಒಂದು ಷಟಲ್ ಹಾಲ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹಗಲಿಡೀ ಸುಮ್ಮನಿದ್ದು ಸಂಜೆ ಜೀವ ಬರುವ ಜಾಗ. ಆಫೀಸಿನಿಂದ ಬಂದು ಹೊಟ್ಟೆ ಕರಗಿಸುವವರು ಎರಡು ಅಂಕಣಗಳಲ್ಲಿ. ಪಂದ್ಯಗಳಿಗೆ ತಯಾರಾಗುವವರು ಮೂರನೆಯದರಲ್ಲಿ. ಈ ಮೂರನೆಯ ಅಂಕಣದ ಮೂಲೆಯಲ್ಲಿ ನನ್ನ ಪ್ಲಾಸ್ಟಿಕ್ ಕುರ್ಚಿ. ಅಭ್ಯಾಸದ ಕೊನೆಗೆ ನನ್ನದೊಂದು ವಿಶೇಷ ಆಟವಿತ್ತು. ಸೊನ್ನೆಯಿಂದ ಅಲ್ಲ, ಹತ್ತೊಂಬತ್ತು ಸಮ ಎಂದುಕೊಂಡೇ ಶುರು. ಇಪ್ಪತ್ತೊಂದಾದರೆ ಗೆಲುವು, ಅಂದರೆ ಮೊದಲ ಹೊಡೆತದಲ್ಲೇ ಎದೆ ಡವಗುಟ್ಟಬೇಕು. ಅದರ ಮೇಲೆ, ಗೆರೆ ನೋಡುವವನು ನಾನು. ಬೇಕೆಂದೇ ತಪ್ಪು ಹೇಳುತ್ತಿದ್ದೆ. ಚೆನ್ನಾಗಿ ಒಳಗೆ ಬಿದ್ದ ಷಟಲ್‌ಗೂ ಕೈ ಹರಡಿ "ಔಟ್" ಎನ್ನುತ್ತಿದ್ದೆ. ಯಾರಾದರೂ ತಿರುಗಿ ನನ್ನ ಮುಖ ನೋಡಿದರೋ, ಅಂದು ಅಂಕಣ ಒರೆಸುವ ಕೆಲಸ ಅವರದು.

ಮೊದಮೊದಲು ಹುಡುಗರು ಕಿರುಚಾಡುತ್ತಿದ್ದರು. "ಗುರು, ಅಂಕಲ್‌ಗೆ ಕಣ್ಣಿನ ಆಪರೇಷನ್ ಮಾಡಿಸ್ರೋ" ಎನ್ನುತ್ತಿದ್ದರು. ಬರಬರುತ್ತಾ ಅದಕ್ಕೊಂದು ಹೆಸರೇ ಬಂತು. ಷಟಲ್ ಹೊರಗೆ ಬಿದ್ದರೆ ನಿಜವಾದ ಔಟು. ನಾನು ಸುಳ್ಳು ಹೇಳಿದರೆ ಅಂಕಲ್ ಔಟು. ಆಟ ಮುಗಿದ ಮೇಲೆ ಯಾರು ಬೇಕಾದರೂ ಬಂದು "ಅದು ನಿಜವಾದ ಔಟಾ, ಅಂಕಲ್ ಔಟಾ?" ಎಂದು ಕೇಳಬಹುದಿತ್ತು. ಆಗ ನಾನು ಸತ್ಯ ಹೇಳಬೇಕು. ಇದು ನಮ್ಮ ಹಾಲ್‌ನ ಕಟ್ಟಳೆ. ಆಟದೊಳಗೆ ಸುಳ್ಳು, ಆಟದಾಚೆ ಸತ್ಯ. ಈ ಎರಡನೆಯ ಅರ್ಧ ಇದ್ದುದರಿಂದಲೇ ಮೊದಲ ಅರ್ಧವನ್ನು ಅವರು ಸಹಿಸಿಕೊಂಡಿದ್ದರು.

ಆ ಹುಡುಗಿ ನಮ್ಮಲ್ಲಿಗೆ ಬಂದದ್ದು ಪಿಯುಸಿಯಲ್ಲಿದ್ದಾಗ. ಗದಗದ ಕಡೆಯವರು. ತಾಯಿ ಮಲ್ಲತ್ತಹಳ್ಳಿಯಲ್ಲಿ ಖಾನಾವಳಿ ನಡೆಸುತ್ತಾರೆ, ತಂದೆ ಇಲ್ಲ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಮಣಿಕಟ್ಟು ಎಂದು ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಅವಳ ಬಳಿ ಒಂದು ಹೊಡೆತವಿತ್ತು. ಬಲಮೂಲೆಗೆ ಎತ್ತಿ ಕಳಿಸಿದ ಷಟಲನ್ನು ನೆಗೆದು, ಎದುರಿನ ಪಕ್ಕದ ಗೆರೆಯ ಮೇಲೇ ಗೀಟು ಎಳೆದ ಹಾಗೆ ಬಡಿಯುತ್ತಿದ್ದಳು. ಗೆರೆಯ ಬಿಳಿ ಪಟ್ಟೆಗೇ ಬಡಿದು ಕೂತುಬಿಡುತ್ತಿತ್ತು. ಅಂಥ ಹೊಡೆತವಿದ್ದವರಿಗೆ ಗಟ್ಟಿ ಮನಸ್ಸೂ ಬೇಕೆಂದು ನಾನು ಅವಳನ್ನೇ ಹೆಚ್ಚು ಗೋಳುಹೊಯ್ದುಕೊಂಡೆ. ಹತ್ತೊಂಬತ್ತು ಸಮ ಆದಾಗ ಅವಳು ಆ ಹೊಡೆತ ಹೊಡೆದರೆ ನನ್ನ ಕೈಗಳು ತಾವಾಗಿಯೇ ಹರಡಿಕೊಳ್ಳುತ್ತಿದ್ದವು. ಅವಳು ಮೊದಲು ಅತ್ತಳು, ಆಮೇಲೆ ಹಲ್ಲು ಕಚ್ಚಿದಳು, ಕೊನೆಗೆ ಏನೂ ಮಾಡಲಿಲ್ಲ. ಬೆನ್ನು ತಿರುಗಿಸಿ, ರಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ನೇರ ಮಾಡುತ್ತಾ ತನ್ನ ಜಾಗಕ್ಕೆ ನಡೆದುಬಿಡುತ್ತಿದ್ದಳು. ಆ ಬೆನ್ನು ನೋಡಿ ನಾನು ಎಷ್ಟು ಬೀಗಿದ್ದೇನೆಂದರೆ, ಮನೆಗೆ ಬಂದು ಗಿರಿಜೆಗೆ ನಡೆದು ತೋರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಅವಳು ರಾಜ್ಯಮಟ್ಟದ ಫೈನಲ್ ತಲುಪಿದಳು. ಗೆದ್ದವರಿಗೆ ರಾಜ್ಯ ತಂಡದಲ್ಲಿ ಜಾಗ. ನೋಡಲು ಹೋಗಿದ್ದೆ. ಫೈನಲ್‌ಗೆ ಮೊದಲು ಲೈನ್ ಜಡ್ಜ್ ಒಬ್ಬರಿಗೆ ತಲೆಸುತ್ತು ಬಂದು ಕೂತುಬಿಟ್ಟರು. ಅಂಥ ಕುರ್ಚಿಗಳಲ್ಲಿ ನಾನು ಹಲವು ಸಲ ಕೂತವನು ಎಂದು ಸಂಘಟಕರಿಗೆ ಗೊತ್ತಿತ್ತು. ಕರೆದರು.

"ಬೇಡ ಸಾರ್, ಆಡ್ತಾ ಇರೋದು ನಮ್ಮ ಹುಡುಗಿ."

"ನಿಮ್ಮ ಹುಡುಗಿ ಅಂದ್ರೆ? ಮೊಮ್ಮಗಳಾ?"

"ಅಲ್ಲ, ನಮ್ಮ ಹಾಲ್‌ಗೆ ಬರ್ತಾಳೆ."

"ಅಷ್ಟೇ ತಾನೆ? ಬನ್ನಿ ಅಂಕಲ್, ಟೈಮಾಯ್ತು."

ನಾನು ಇನ್ನೊಂದು ಸಲ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಆ ಬೆನ್ನನ್ನು ಹತ್ತಿರದಿಂದ ನೋಡುವ ಆಸೆ ನನಗೆ.

ಒಂದೊಂದು ಗೇಮ್ ಇಬ್ಬರ ಪಾಲಾಗಿ, ಮೂರನೆಯದು ಹತ್ತೊಂಬತ್ತು ಸಮಕ್ಕೆ ಬಂತು. ಅಷ್ಟು ಹೊತ್ತು ಗಿಜಿಗುಡುತ್ತಿದ್ದ ಸಭಾಂಗಣದಲ್ಲಿ ಶೂಗಳ ಕಿರ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಎದುರಾಳಿ ಹುಡುಗಿ ಬಿಚ್ಚದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಉಸಿರು ಸುಧಾರಿಸಿಕೊಳ್ಳಲು ಎಲ್ಲರೂ ಮಾಡುವ ಉಪಾಯ ಅದು. ನಮ್ಮ ಹುಡುಗಿ ಅಂಗೈ ಒರೆಸಿಕೊಂಡು ಸುಮ್ಮನೆ ನಿಂತಳು. ಮುಖದಲ್ಲಿ ಏನೂ ಇರಲಿಲ್ಲ. ಆ ಮುಖ ಮಾಡಿದವನು ನಾನು ಎಂದು ನನಗೆ ಜಂಬ.

ಉದ್ದದ ಆಟ. ಎದುರಾಳಿ ಬಲಮೂಲೆಗೆ ಎತ್ತಿದಳು. ನಮ್ಮವಳು ನೆಗೆದಳು. ಷಟಲ್ ಗೆರೆ ಹಿಡಿದು ನನ್ನ ಕಡೆಗೇ ಬಂತು. ಅದರ ಬೆಂಡು ಬಿಳಿ ಪಟ್ಟೆಯ ಮೇಲೆ ಬಡಿದದ್ದನ್ನು ನಾನು ಕಣ್ಣಾರೆ ಕಂಡೆ. ಕಾಣುವಷ್ಟರಲ್ಲಿ ನನ್ನ ಎರಡೂ ಕೈಗಳು ಹರಡಿಕೊಂಡಿದ್ದವು. ಬಾಯಿ "ಔಟ್" ಎಂದು ಕೂಗಿ ಆಗಿತ್ತು.

ಬ್ಯಾಡರಹಳ್ಳಿಯ ಕುರ್ಚಿಯಲ್ಲಿ ಸಾವಿರ ಸಲ ಮಾಡಿದ್ದನ್ನು ಕೈಗಳು ಇಲ್ಲಿಯೂ ಮಾಡಿದವು. ಅಷ್ಟಕ್ಕೆ ನಾನು ಕೈಗಳನ್ನೇ ಬೈಯುತ್ತೇನೆ. ಆದರೆ ಆಮೇಲೆ ಎರಡು ಮೂರು ಕ್ಷಣ ಇತ್ತು. ತಪ್ಪಾಯಿತೆಂದು ಕೈ ಎತ್ತಿದರೆ ಅಂಪೈರ್ ತಿದ್ದುತ್ತಾರೆ. ಟಿ.ವಿ.ಯ ದೊಡ್ಡ ಪಂದ್ಯಗಳ ಹಾಗೆ ಕ್ಯಾಮೆರಾ ನೋಡಿ ಹೇಳುವ ವ್ಯವಸ್ಥೆ ಅಲ್ಲಿರಲಿಲ್ಲ, ನಾನೇ ಹೇಳಬೇಕು. ಅಂಪೈರ್ ನನ್ನ ಕಡೆ ಒಂದು ನೋಟ ಬೀರಿದರು. ಈಗ ಮಾತು ಬದಲಿಸಿದರೆ ತನ್ನ ಹುಡುಗಿಗೆ ಪಾಯಿಂಟ್ ಕೊಟ್ಟ ಮುದುಕ ಎನ್ನುತ್ತಾರಲ್ಲ, ಇನ್ನು ಮುಂದೆ ಯಾರೂ ಕುರ್ಚಿಗೆ ಕರೆಯುವುದಿಲ್ಲವಲ್ಲ ಎಂದು ನಾನು ಲೆಕ್ಕ ಹಾಕಿದೆ. ಗಟ್ಟಿ ಮನಸ್ಸಿನ ಮೇಷ್ಟ್ರು ಬೊಂಬೆಯ ಹಾಗೆ ಕೈ ಹರಡಿಕೊಂಡೇ ಕೂತಿದ್ದರು.

ಹುಡುಗಿ ತಿರುಗಿ ನೋಡಲಿಲ್ಲ. ತಂತಿಗಳನ್ನು ನೇರ ಮಾಡುತ್ತಾ ನಡೆದು ಹೋದಳು. ಅವಳು ಒಂದೇ ಒಂದು ಸಲ ನನ್ನ ಮುಖ ನೋಡಿದ್ದರೆ ನನ್ನ ಕೈ ಕೆಳಗಿಳಿಯುತ್ತಿತ್ತು. ಆದರೆ ನೋಡಬಾರದೆಂದು ಕಲಿಸಿದವನು ನಾನೇ. ಮುಂದಿನ ಪಾಯಿಂಟಿಗೆ ಅವಳ ಷಟಲ್ ನೆಟ್ಟಿನ ಪಟ್ಟಿಗೆ ತಾಗಿ ಇತ್ತ ಕಡೆಗೇ ಉದುರಿತು. ಮುಗಿಯಿತು.

ಆಮೇಲೆ ಗ್ಯಾಲರಿಯ ಹಿಂದೆ, ನೀರಿನ ಬಾಟಲಿ ಹಿಡಿದುಕೊಂಡು ಅವಳೇ ನನ್ನನ್ನು ಹುಡುಕಿಕೊಂಡು ಬಂದಳು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗು.

"ಅಂಕಲ್, ನಾ ತಿರುಗಿ ನೋಡ್ಲಿಲ್ಲ. ನೋಡಿದ್ರಿಲ್ಲೋ?"

"ನೋಡ್ದೆ ಕಣಮ್ಮ. ಶಹಬ್ಬಾಸ್."

"ಒಂದು ಕೇಳ್ಲಿ? ಅದು ಖರೇ ಔಟೋ, ಅಂಕಲ್ ಔಟೋ?"

ಅವಳು ತಮಾಷೆಗೆ ಕೇಳಿದ್ದು. ಆದರೆ ಕಟ್ಟಳೆಯ ಪ್ರಕಾರವೇ ಕೇಳಿದ್ದಳು. ಆಟ ಮುಗಿದಿತ್ತು. ನಾನು ಸತ್ಯ ಹೇಳಬೇಕಿತ್ತು.

"ನಿಜವಾದ ಔಟು ಕಣಮ್ಮ" ಎಂದೆ. ಬರೀ ಅಷ್ಟಕ್ಕೇ ಬಿಟ್ಟಿದ್ದರೆ ಅವಳಿಗೆ ಸ್ವಲ್ಪ ಅನುಮಾನವಾದರೂ ಉಳಿಯುತ್ತಿತ್ತೇನೋ. ನಾನು ಎರಡು ಬೆರಳು ಜೋಡಿಸಿ ತೋರಿಸಿದೆ. "ಎರಡು ಬೆರಳು ಆಚೆ ಇತ್ತು."

ಅವಳು ನನ್ನ ಬೆರಳುಗಳನ್ನು ನೋಡಿದಳು. "ಹಂಗಾರ ತಪ್ಪು ನಂದ. ಸರಿ ಮಾಡ್ಕೋತೀನಿ ಬಿಡ್ರಿ" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು.

ಸರಿ ಮಾಡಿಕೊಂಡಳು. ಅದೇ ಕಷ್ಟಕ್ಕೆ ಬಂದದ್ದು. ಕೆಲವು ತಿಂಗಳ ನಂತರ ನಾನು ಅವರ ಖಾನಾವಳಿಗೆ ಹೋಗಿದ್ದೆ. ನಿಜ ಹೇಳಿ ಬರೋಣವೆಂದೇ ಹೋದದ್ದು. ಆಕೆಯ ತಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ ಬಿಸಿ ರೊಟ್ಟಿ ಹಾಕಿದರು. ಹುಡುಗಿ ಎದುರಿಗೆ ಕೂತು, ನನ್ನ ಸ್ಟೀಲ್ ತಟ್ಟೆಯ ಅಂಚಿನಿಂದ ಒಳಗೆ ನಾಲ್ಕು ಬೆರಳು ಇಟ್ಟು ತೋರಿಸಿದಳು.

"ಈಗ ಇಷ್ಟು ಒಳಗ ಹೊಡೀತೀನ್ರಿ ಅಂಕಲ್. ಗೆರಿ ತಂಟೀಗೇ ಹೋಗಂಗಿಲ್ಲ."

"ನಿಮ್ಮಂಥಾವ್ರು ಒಬ್ಬರು ಬೇಕ್ರಿ ಅಜ್ಜಾರ" ಎಂದರು ತಾಯಿ. "ಉಳದಾವ್ರೆಲ್ಲಾ ಬರೇ ಹೊಗಳ್ತಾರ. ನೀವು ಇದ್ದದ್ದ ಇದ್ದಂಗ ಹೇಳ್ತೀರಿ. ಇನ್ನೊಂದು ರೊಟ್ಟಿ ಹಾಕ್ಲಿ?"

ಹಾಕಿಸಿಕೊಂಡೆ. ಬಾಯಿ ತುಂಬಾ ರೊಟ್ಟಿ ಇದ್ದರೆ ಮಾತಾಡುವ ಪ್ರಸಂಗವಿಲ್ಲ.

ಗೆರೆಯ ಮೇಲೆ ಬೀಳುವ ಷಟಲ್ ಬೇರೆ, ನಾಲ್ಕು ಬೆರಳು ಒಳಗೆ ಬೀಳುವ ಷಟಲ್ ಬೇರೆ. ಮೊದಲನೆಯದಕ್ಕೆ ರಾಕೆಟ್ ಎಟುಕುವುದಿಲ್ಲ, ಎರಡನೆಯದಕ್ಕೆ ಎಟುಕುತ್ತದೆ. ದೊಡ್ಡ ಆಟದಲ್ಲಿ ವ್ಯತ್ಯಾಸವೆಲ್ಲ ಅಷ್ಟರಲ್ಲೇ ಇರುವುದು. ಎದುರಾಳಿಗಳು ಅವಳ ಹೊಡೆತವನ್ನು ಹಿಂದಿರುಗಿಸಲು ಕಲಿತರು. ಅವಳು ಕ್ವಾರ್ಟರ್ ಫೈನಲ್‌ಗಳಲ್ಲಿ, ಸೆಮಿಫೈನಲ್‌ಗಳಲ್ಲಿ ಸೋಲತೊಡಗಿದಳು. ಮನಸ್ಸು ಮಾತ್ರ ಗಟ್ಟಿಯಾಗಿಯೇ ಇತ್ತು. ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ. ನನಗೋ, ಹೇಳದಿರಲು ಕಾರಣಗಳು ಒಂದಾದ ಮೇಲೊಂದು ಸಿಗುತ್ತಲೇ ಹೋದವು. ಪಂದ್ಯಕ್ಕೆ ಮೊದಲು ಹೇಳಿದರೆ ಮನಸ್ಸು ಕೆಡುತ್ತದೆ. ಸೋತಾಗ ಹೇಳಿದರೆ ಗಾಯಕ್ಕೆ ಉಪ್ಪು. ಗೆದ್ದಾಗ ಹೇಳಿದರೆ ಖುಷಿ ಹಾಳು. ಪಂದ್ಯವೇ ಇಲ್ಲದಾಗ ಹೇಳೋಣವೆಂದರೆ, ಈಗ ಅದನ್ನೇಕೆ ಎತ್ತಬೇಕು?

ಈಗ ಆಟವೇ ಅವಳ ಉದ್ಯೋಗ. ಒಂದು ಸಂಸ್ಥೆಯ ತಂಡದಲ್ಲಿದ್ದಾಳೆ, ಈ ವರ್ಷ ಗೆಲ್ಲದಿದ್ದರೆ ಒಪ್ಪಂದ ಮುಂದುವರಿಯುವುದಿಲ್ಲ. ಮೊನ್ನೆ ರಾಜ್ಯಮಟ್ಟದ ಸೆಮಿಫೈನಲ್ ಇತ್ತು. ಗಿರಿಜೆಯೂ ನಾನೂ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನೋಡುತ್ತಿದ್ದೆವು. ಕೊನೆಯ ಗೇಮ್ ಬಿಗಿಯಾಗಿತ್ತು. ಷಟಲ್ ಅವಳ ಬಲಮೂಲೆಗೆ ಎದ್ದಿತು. ನೆಗೆದಳು. ಹೊಡೆದದ್ದು ಗೆರೆಯಿಂದ ನಾಲ್ಕು ಬೆರಳು ಒಳಗೆ. ಎದುರಿನವಳು ಸಲೀಸಾಗಿ ಎತ್ತಿದಳು. ಹಾಗೇ ಮೂರು ಸಲ. ಅಂತೂ ಏದುಸಿರು ಬಿಡುತ್ತಾ ನಮ್ಮವಳೇ ಗೆದ್ದು, ಇಷ್ಟು ವರ್ಷಗಳ ಮೇಲೆ ಮತ್ತೆ ಫೈನಲ್ ತಲುಪಿದಳು.

"ಯಾಕ್ರೀ ಈ ಹುಡುಗಿ ಗೆರೆ ಕಂಡ್ರೆ ಹೆದರ್ತಾಳೆ?" ಎಂದಳು ಗಿರಿಜೆ. ಆಟ ಆಡದಿದ್ದರೂ ನನ್ನ ಜೊತೆ ಕೂತು ಕೂತು ಅವಳಿಗೆ ಕಣ್ಣು ಬಂದಿದೆ. "ಮೊದ್ಲು ಹೀಗಿರ್ಲಿಲ್ವಲ್ಲ?"

ಹೇಳಿಬಿಟ್ಟೆ. ಕೈ ಹರಡಿದ್ದು, ಕೂತೇ ಇದ್ದದ್ದು, ಎರಡು ಬೆರಳು, ಎಲ್ಲ. ಮದುವೆಯಾದಾಗಿನಿಂದ ನನ್ನ ಮಾತಿಗೆ ಮಧ್ಯೆ ಬಾಯಿ ಹಾಕದೆ ಅವಳು ಕೇಳಿದ್ದು ಅದೊಂದೇ ಸಲ.

"ಫೈನಲ್ ಯಾವಾಗ?"

"ಭಾನುವಾರ."

"ಅದಕ್ಕೆ ಮುಂಚೆ ಹೋಗಿ ಹೇಳಿ."

"ಫೈನಲ್ ಮುಗೀಲಿ ಕಣೇ. ಈಗ ಹೇಳಿದ್ರೆ ಅವಳ ಮನಸ್ಸು ಕೆಡುತ್ತೆ."

"ಅವಳ ಮನಸ್ಸು ಕೆಡಲ್ಲ. ಅಷ್ಟು ವರ್ಷ ನೀವೇ ಕುಟ್ಟಿ ಕುಟ್ಟಿ ಗಟ್ಟಿ ಮಾಡಿದೀರಲ್ಲ. ನಿಮ್ಮ ಮಾನ ಹೋಗುತ್ತೆ ಅಂತ ಹೇಳಿ, ಒಪ್ಕೋತೀನಿ."

ಡಬ್ಬದಿಂದ ಫೋನ್ ತೆಗೆದು ನನ್ನ ಕೈಗಿಟ್ಟು ಒಳಗೆ ಹೋದಳು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅದಕ್ಕೆ ಒಳ್ಳೆಯ ಕಾರಣ ಸಿಕ್ಕಿತೆಂದು ಆ ಕ್ಷಣ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಅಟ್ಟ ಖಾಲಿಯಾಗಿದೆ ಎಂದೆನಲ್ಲ. ಕಾರಣಗಳ ಡಬ್ಬವೂ ಖಾಲಿಯಾಗಿದೆ.

ಇವತ್ತು ಶುಕ್ರವಾರ. ಸಂಜೆ ಅವಳು ಬ್ಯಾಡರಹಳ್ಳಿಯ ಹಾಲ್‌ಗೆ ಅಭ್ಯಾಸಕ್ಕೆ ಬರುತ್ತಾಳೆ. ಮಧ್ಯಾಹ್ನದ ಊಟ ಮುಗಿಸಿ ಮಾಗಡಿ ರಸ್ತೆಯ ಬಸ್ಸು ಹತ್ತುತ್ತೇನೆ. ಇದು ಅಚ್ಚಾಗಿ ನಿಮ್ಮ ಕೈಗೆ ಬರುವ ಮೊದಲೇ ಅವಳಿಗೆ ತಿಳಿದಿರಬೇಕು. ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುವಂಥದ್ದಲ್ಲ. ಕುರ್ಚಿಯಲ್ಲಿ ಕೂರುವುದಿಲ್ಲ. ಹುಡುಗರೆಲ್ಲ ಇರುವಾಗಲೇ, ಅಂಕಣದ ಮಧ್ಯೆ ನಿಂತು ಹೇಳುತ್ತೇನೆ. ಅವಳು ಬೈಯಬಹುದು. ಇನ್ನು ಮುಂದೆ ಈ ಕಡೆ ಬರಬೇಡಿ ಎನ್ನಬಹುದು. ಖಾನಾವಳಿಯ ತಾಯಿಯ ಮುಂದೆ ನಾನು ಇನ್ನೆಂದೂ ತಟ್ಟೆ ಇಟ್ಟುಕೊಂಡು ಕೂರಲಾರೆ. ಆಗಲಿ. ಅಂದು ಅವಳೇ ಗೆಲ್ಲುತ್ತಿದ್ದಳೆಂದು ನಾನು ಹೇಳಲಾರೆ, ಅದು ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಭಾನುವಾರ ಆ ಮೂಲೆಗೆ ಷಟಲ್ ಎದ್ದಾಗ ಅವಳ ಕೈ ನನ್ನ ಸುಳ್ಳನ್ನು ನಂಬಿ ಹೊಡೆಯಬಾರದು.

ಸ್ನಾನದ ಮನೆಯಲ್ಲಿ ಎರಡು ಸಲ ಹೇಳಿ ನೋಡಿಕೊಂಡೆ. ಮಾತು ಉದ್ದವಿಲ್ಲ, ಹೇಳಬಲ್ಲೆ. "ಅಂಕಲ್ ಔಟು ಅದು. ಗೆರೆ ಮೇಲೇ ಬಿದ್ದಿತ್ತು. ನಾನು ನೋಡಿದ್ದೆ, ನೋಡಿಯೂ ನಿನಗೆ ಸುಳ್ಳು ಹೇಳ್ದೆ. ನಿನ್ನ ಹೊಡೆತದಲ್ಲಿ ಯಾವ ತಪ್ಪೂ ಇರ್ಲಿಲ್ಲ. ಗೆರೆಗೇ ಹೊಡಿ. ತಪ್ಪು ನನ್ನದು, ಕ್ಷಮಿಸಮ್ಮ, ಶಿವಲೀಲಾ."